ತೂತು ಪುರಾಣ: ಹಳೇ ಸಾಮಾನಿನಿಂದ ಕೈತೋಟ ಸಿಂಗರಿಸುವವರಿಗೆ ಒಂದು ಕೈಪಿಡಿ

ಸಾಧಾರಣವಾಗಿ ಕೈಪಿಡಿ ಬರುವುದು ಸಾಮಾನಿನ ಜೊತೆಯಲ್ಲೇ, ಅದೇ ಪೆಟ್ಟಿಗೆಯೊಳಗೆ, ಹದಿನಾಲ್ಕು ಭಾಷೆಗಳಲ್ಲಿ, ಕನ್ನಡ ಒಂದನ್ನು ಬಿಟ್ಟು. ಇಲ್ಲಿ ಮಾತ್ರ ಸಾಮಾನು ನಿಮ್ಮ ಮನೆಗೆ ಬಂದು ನಲವತ್ತು ವರ್ಷವಾಗಿದೆ, ಕೈಪಿಡಿ ಈಗ ಬರುತ್ತಿದೆ. ತಡವಾಯಿತು, ಮನ್ನಿಸಬೇಕು.

ಕೆಲಸಕ್ಕೆ ಕೈ ಹಾಕುವ ಮುಂಚೆ ಪೂರ್ತಿ ಓದಿ. ನಾನು ಓದದೆ ಶುರು ಮಾಡಿದವನು. ಆಗಿನ್ನೂ ಇದನ್ನು ಬರೆದಿರಲಿಲ್ಲ. ಹಾಗಾಗಿ ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಇವತ್ತಿಗೂ ನೆಟ್ಟಗೆ ಬೆಳೆದಿಲ್ಲ. ವಿವರ ಮುಂದೆ ಬರುತ್ತದೆ.

ಮೂಲ ಸಿದ್ಧಾಂತ

ಎಲ್ಲರ ಮನೆ ದೋಸೆಯೂ ತೂತು ಅಂತ ಗಾದೆ. ದೋಸೆ ತೂತಾದರೆ ತಿನ್ನಬಹುದು, ಬಕೆಟ್ಟು ತೂತಾದರೆ? ಮನೆಯೊಳಗೆ ಒಂದು ವಸ್ತುವಿನ ಆಯಸ್ಸು ಮುಗಿಯುವುದೇ ತೂತಿನಿಂದ. ಬಾಣಲೆಗೆ ತೂತು ಬಿತ್ತು, ತೆಗೆದಿಡು. ನೀರಿನ ಡ್ರಮ್ಮು ಸೋರುತ್ತಿದೆ, ಹೊರಗಿಡು. ಬೆಸುಗೆ ಹಾಕಿ, ಎಂಸೀಲ್ ಮೆತ್ತಿ, ಕೊನೆಗೆ ಕೈಚೆಲ್ಲಿ ಕೂತಾಗ ಆ ವಸ್ತು ಸಜ್ಜೆ ಹತ್ತುತ್ತದೆ.

ಅದೇ ವಸ್ತು ಹೊಸಲು ದಾಟಿ ತೋಟಕ್ಕೆ ಬಂದ ಗಳಿಗೆಯಿಂದ ಕಾನೂನು ತಲೆಕೆಳಗು. ತೂತಿಲ್ಲದ ಪಾತ್ರೆಯಲ್ಲಿ ಗಿಡ ಬದುಕುವುದಿಲ್ಲ. ನೀರು ನಿಂತರೆ ಮಣ್ಣಿನ ಸಂದುಗೊಂದಿನಲ್ಲಿದ್ದ ಗಾಳಿ ಹೊರಬಿದ್ದು, ಬೇರಿಗೆ ಉಸಿರು ಕಟ್ಟಿ, ಅದು ಕೊಳೆಯುತ್ತದೆ. ಬೇರು ಕೊಳೆತರೆ ಎಲೆ ಹಳದಿಯಾಗುತ್ತದೆ. ಹಳದಿ ಎಲೆ ಕಂಡ ನಾವು, ಪಾಪ ಬಾಯಾರಿರಬೇಕು ಅಂತ ಇನ್ನೊಂದು ಚೊಂಬು ನೀರು ಹೊಯ್ಯುತ್ತೇವೆ. ನೆಂಟರನ್ನು ಉಪಚಾರದಲ್ಲೇ ಕೊಲ್ಲುವ ನಮ್ಮ ಪದ್ಧತಿ ಗಿಡಗಳಿಗೂ ಅನ್ವಯಿಸುತ್ತದೆ.

ಆದ್ದರಿಂದ ಸೂತ್ರ ಇಷ್ಟೆ: ಮನೆಯೊಳಗೆ ತೂತು ಬಿದ್ದದ್ದು ಗುಜರಿ, ಮನೆಯ ಹೊರಗೆ ತೂತು ಬೀಳದ್ದು ಗುಜರಿ. ಈ ಕೈಪಿಡಿಯ ಮಿಕ್ಕ ಭಾಗವೆಲ್ಲ ಇದರ ಭಾಷ್ಯ.

ಇದೇನೂ ಹೊಸ ವಿದ್ಯೆಯಲ್ಲ. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಮೈಸೂರು ಸೀಮೆಯ ಅಡುಗೆಮನೆಗಳಿಗೂ ಕಾಲಿಟ್ಟಿತು. ನಮ್ಮಜ್ಜಿ ಅದನ್ನು ತುಪ್ಪ ಅಂತ ಒಪ್ಪಲೇ ಇಲ್ಲ, ಡಬ್ಬಿಯನ್ನು ಮಾತ್ರ ಒಪ್ಪಿದರು. ಹಳದಿ ಬಣ್ಣ, ಮೇಲೊಂದು ತಾಳೆಮರದ ಚಿತ್ರ. ಖಾಲಿಯಾದ ಹೊಸದರಲ್ಲಿ ಅದರೊಳಗೆ ಕಡಲೆಹಿಟ್ಟು. ಮುಚ್ಚಳ ಕಳೆದ ಮೇಲೆ ಬಚ್ಚಲಿಗೆ ವರ್ಗವಾಗಿ ಸೀಗೆಪುಡಿ. ತಳ ತುಕ್ಕು ಹಿಡಿದು ಪುಡಿ ಉದುರತೊಡಗಿದ ದಿನ ಹಿತ್ತಿಲಿಗೆ ಬಡ್ತಿ: ಮಣ್ಣು ತುಂಬಿ ದೊಡ್ಡಪತ್ರೆ ಕಡ್ಡಿ ಚುಚ್ಚಿದರೆ ಆಯಿತು. ತೂತು ಕೊರೆಯಲು ಯಾರನ್ನೂ ಕರೆಯಬೇಕಾಗಿರಲಿಲ್ಲ, ತುಕ್ಕೇ ಆ ಕೆಲಸ ಮಾಡಿಟ್ಟಿರುತ್ತಿತ್ತು. ಈಗ ಇದೇ ಕಸುಬಿಗೆ ಅಪ್‌ಸೈಕ್ಲಿಂಗ್ ಅನ್ನುವ ಹೆಸರಿಟ್ಟು ಭಾನುವಾರ ಫೀಸು ಕೊಟ್ಟು ಕಲಿಯುತ್ತಾರೆ. ನನ್ನ ಹೆಂಡತಿ ಅಂಥದ್ದೊಂದು ತರಗತಿಗೆ ಹೋಗಿ ಬಂದಳು. ಕೊಟ್ಟ ಕಿಟ್ಟಿನಲ್ಲಿ ಹೊಚ್ಚ ಹೊಸ ತಗಡಿನ ಡಬ್ಬಿ ಇತ್ತು, ಅದಕ್ಕೆ ತುಕ್ಕಿನ ಬಣ್ಣ ಬಳಿದಿದ್ದರು.

ಸಾಮಾನು ಹೊಂದಿಸುವುದು

ಮೊದಲ ಗಣಿ ನಿಮ್ಮದೇ ಸಜ್ಜೆ. ಇಲ್ಲಿ ಒಂದೇ ನಿಯಮ: ಅಮ್ಮ ಊರಲ್ಲಿಲ್ಲದಾಗ ಏನನ್ನೂ ಇಳಿಸಬೇಡಿ. ಇಳಿಸುವುದು ಸುಲಭ, ಅವರು ಬಂದ ಮೇಲೆ ಮತ್ತೆ ಹತ್ತಿಸುವುದು ಕಷ್ಟ.

ಎರಡನೆಯದು ಗುಜರಿ ಅಂಗಡಿ. ಬೆಂಗಳೂರಿನವರಿಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್ ಇದೆ, ಜಾಲಿ ಮೊಹಲ್ಲಾ ಇದೆ. ಮೈಸೂರಿನ ನಮಗೆ ಬಡಾವಣೆಗೊಂದು ಗುಜರಿ, ಸಾಲದ್ದಕ್ಕೆ ತಳ್ಳುಗಾಡಿಯಲ್ಲಿ ಬೀದಿ ಬೀದಿ ಕೂಗಿಕೊಂಡು ಬರುವವರು. ಅಲ್ಲಿ ನೆನಪಿಡಬೇಕಾದ್ದು ಬಾಯಿ ಮುಚ್ಚಿಕೊಂಡಿರುವುದು. ಬಾವಿಯ ರಾಟೆಯೊಂದು ಕಬ್ಬಿಣದ ರಾಶಿಯಲ್ಲಿ ಬಿದ್ದಿತ್ತು.

"ಇದೆಷ್ಟಪ್ಪಾ?"

"ಕಬ್ಣದ ರೇಟೇ ಸಾರ್, ಕೇಜಿ ಲೆಕ್ಕ. ತೂಗಲಾ?"

"ತೂಗಪ್ಪ. ಗೇಟಿನ ಹತ್ರ ನೇತುಹಾಕಿದ್ರೆ ಚೆನ್ನಾಗಿ ಕಾಣುತ್ತೆ."

ಅವನು ತಕ್ಕಡಿಗೆ ಇಟ್ಟಿದ್ದ ರಾಟೆಯನ್ನು ಮೆಲ್ಲಗೆ ಎತ್ತಿ ಲುಂಗಿಯ ಅಂಚಿನಿಂದ ಒರೆಸಿದ. "ಸಾರ್, ಇದು ಆಂಟಿಕ್ ಪೀಸು. ಕೇಜಿ ಲೆಕ್ಕ ಬರಲ್ಲ."

ಚೆನ್ನಾಗಿದೆ ಅನ್ನುವ ಒಂದು ಮಾತಿಗೆ ನಾನು ತೆತ್ತ ಬೆಲೆ ಮೂರು ಪಟ್ಟು. ಮುಂದಿನ ಸಲ ಹೋದಾಗ ಎಲ್ಲವನ್ನೂ ಮೂಗು ಮುರಿದೇ ನೋಡಿದೆ. ಹೊಲಿಗೆ ಯಂತ್ರದ ಕಾಲು ಸರಿಯಾದ ದರಕ್ಕೆ ಬಂತು. ಅದರ ಮೇಲೊಂದು ಚಪ್ಪಡಿ ಕಲ್ಲು ಇಟ್ಟರೆ ಕುಂಡಗಳಿಗೆ ಒಳ್ಳೆಯ ಮೇಜು. ಪೆಡಲು ಇನ್ನೂ ಆಡುತ್ತದೆ, ಮೊಮ್ಮಕ್ಕಳು ತುಳಿದು ತುಳಿದು ಕುಂಡಗಳನ್ನು ಅಲ್ಲಾಡಿಸುತ್ತವೆ.

ಮೂರನೆಯದು, ಕೆಡವುತ್ತಿರುವ ಮನೆ. ನಮ್ಮ ಊರುಗಳಲ್ಲಿ ಇದಕ್ಕೆ ಬರವಿಲ್ಲ. ಅಲ್ಲಿ ಸಿಗುವ ಅತ್ಯುತ್ತಮ ಪದಾರ್ಥ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಹಳೇ ಹೆಂಚುಗಳ ಬೆನ್ನು ನೋಡಿ, ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಮೂಡಿರುತ್ತದೆ. ಅಷ್ಟು ವರ್ಷ ಜಂತೆಯ ಕಡೆ ಮುಖ ಮಾಡಿ ಮಲಗಿದ್ದ ಅಕ್ಷರ ಅದು, ಮನೆಯವರೂ ಓದಿರುವುದಿಲ್ಲ. ಇಡೀ ಹೆಂಚನ್ನು ಅಕ್ಷರ ಹೊರಗೆ ಕಾಣುವ ಹಾಗೆ ಅರ್ಧ ನೆಲಕ್ಕೆ ಹೂತು ಪಾತಿಯ ಅಂಚು ಕಟ್ಟಿ. ಒಡೆದ ಚೂರನ್ನೂ ಬಿಡಬೇಡಿ. ಕುಂಡದ ತೂತಿನ ಮೇಲೆ ಬೋರಲು ಹಾಕಲು ಬೋಕಿ ಬೇಕಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಒಂದು ಚೂರು ಸಾಕು. ತಳದಲ್ಲಿ ನಾಲ್ಕಿಂಚು ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಅನೇಕರು ಹೇಳುತ್ತಾರೆ, ಅದು ಸುಳ್ಳು. ಜಲ್ಲಿಯ ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕೆಳಗಿಳಿಯುವುದೇ ಇಲ್ಲ. ಬೇರಿಗೆ ಜಾಗ ಕಮ್ಮಿಯಾಯಿತು ಅಷ್ಟೆ.

ಹೆಂಚನ್ನು ಬಿಟ್ಟಿಯಾಗಿ ಕೊಡುತ್ತಾರೆ. ಆಟೋದವನು ಕೊಡುವುದಿಲ್ಲ.

ಒರಳು

ಈಗ ಮುಖ್ಯ ಅಧ್ಯಾಯ. ಹಳೇ ಸಾಮಾನಿನ ತೋಟ ಅಂದರೆ ಒರಳಿರಲೇಬೇಕು. ಮಿಕ್ಸಿ ಮತ್ತು ಗ್ರೈಂಡರು ಬಂದ ಮೇಲೆ ಕೆಲಸ ಕಳಕೊಂಡು, ಇಷ್ಟು ಭಾರದ್ದನ್ನು ಎತ್ತಿ ಎಸೆಯುವವರಿಲ್ಲದೆ ಕೂತಲ್ಲೇ ಕೂತಿರುವ ಏಕೈಕ ಸಾಮಾನು ಅದು. ನಮ್ಮದು ಹಿಂದಿನ ವರಾಂಡದಲ್ಲಿತ್ತು. ಅದನ್ನು ಮುಂದಿನ ಸಂಪಿಗೆ ಗಿಡದ ಬುಡಕ್ಕೆ ತರುವುದು ನನ್ನ ಯೋಜನೆ. ಒಟ್ಟು ಮೂವತ್ತು ಅಡಿ ದೂರ.

ತೂಕದ ಲೆಕ್ಕ ಮೊದಲೇ ಹಾಕಿ. ಒಂದು ಘನ ಅಡಿ ಗ್ರಾನೈಟು ಸುಮಾರು 75 ಕಿಲೋ. ನಮ್ಮ ಒರಳು ಒಂದೂವರೆ ಅಡಿ ಚೌಕ, ಒಂದಡಿ ಎತ್ತರ. ಗುಂಡಿ ಕಳೆದರೂ 140 ಕಿಲೋಗೆ ಕಮ್ಮಿಯಿಲ್ಲ. ನಾನು ಲೆಕ್ಕ ಹಾಕದೆ ಭಾವಮೈದನನ್ನು ಕಾಫಿಗೆ ಕರೆದೆ. ಕಾಫಿ ಮುಗಿಸಿದ ಮೇಲೆ, "ಒಂದು ಸಣ್ಣ ಕೆಲಸ ಇತ್ತು" ಅಂದೆ. ಅವನು ಒರಳನ್ನು ನೋಡಿ, ನನ್ನನ್ನು ನೋಡಿ, "ಭಾವ, ಕಾಫಿಗೆ ಇಷ್ಟಾಗಲ್ಲ, ಊಟ ಹಾಕಿಸ್ಬೇಕು" ಅಂದ. ಹಾರೆ ಹಾಕಿ ಮೀಟಿ, ಹಳೇ ಪೈಪಿನ ತುಂಡುಗಳನ್ನು ಕೆಳಗೆ ತೂರಿಸಿ, ಉರುಳಿಸುತ್ತಾ ಉರುಳಿಸುತ್ತಾ ಇಪ್ಪತ್ತೆಂಟು ಅಡಿ ಬಂದೆವು. ಉಳಿದ ಎರಡು ಅಡಿಯಲ್ಲಿ ನನ್ನ ಹೆಬ್ಬೆರಳಿತ್ತು.

ತಾರಸಿ ತೋಟದವರಿಗೆ ವಿಶೇಷ ಸೂಚನೆ. ಓಡಾಡುವ ತಾರಸಿಯ ಮೇಲೆ ಬೀಳುವ ಭಾರವನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ ಸುಮಾರು 150 ಕಿಲೋ ಅಂತ ಹಿಡಿದು ಎಂಜಿನಿಯರುಗಳು ವಿನ್ಯಾಸ ಮಾಡುತ್ತಾರೆ. ಅಂದರೆ ಒರಳನ್ನು ಅಲ್ಲಿಟ್ಟರೆ ಅದರ ಪಕ್ಕ ನೀವು ನಿಂತು ನೋಡಿ ಸಂತೋಷಪಡುವ ಹಾಗಿಲ್ಲ. ನೆನೆದ ಮಣ್ಣೂ ಹಗುರವಲ್ಲ. ಮಹಡಿ ಮನೆಯವರು ಒರಳಿನ ಆಸೆ ಬಿಟ್ಟು ಜರಡಿ, ಮೊರ, ತೂತಾದ ಅಲ್ಯುಮಿನಿಯಂ ಬೋಸಿಗಳಲ್ಲಿ ತೃಪ್ತರಾಗಬೇಕು. ಜರಡಿಯಂತೂ ಹುಟ್ಟಾ ತೂತು. ತೆಂಗಿನ ನಾರು ಹಾಸಿ ಮಣ್ಣು ಹಾಕಿ ನೇತುಬಿಟ್ಟರೆ ಒಂದೆಲಗ ಚೆನ್ನಾಗಿ ಇಳಿಬೀಳುತ್ತದೆ.

ಒರಳು ಬಂತು, ಕೂತಿತು. ಇನ್ನು ಮೂಲ ಸಿದ್ಧಾಂತ. ಒರಳಿಗೆ ತೂತಿಲ್ಲ. ಹಿಂದೆ ಒರಳು ನುಣುಪಾದಾಗ ಉಳಿ ಇಟ್ಟು ಕುಟ್ಟಿ ಒರಟು ಮಾಡಿಕೊಡುವವರು ಬೀದಿಯಲ್ಲಿ ಬರುತ್ತಿದ್ದರು. ಈಗ ಹುಡುಕಿದರೆ ಸಿಕ್ಕಿದ್ದು ಸಮಾಧಿ ಕಲ್ಲು ಕೆತ್ತುವ ಒಬ್ಬರು. ಅವರು ಒರಳಿನ ತಳಕ್ಕೆ ಬೆರಳಿನಿಂದ ಟಕ್ ಟಕ್ ಅನ್ನಿಸಿ, ಕಿವಿಗೊಟ್ಟು ಕೇಳಿ, "ತೂತು ಮಾಡಬಹುದು ಸ್ವಾಮಿ. ತೂತು ಒಂದೇ ಆಗುತ್ತೆ ಅಂತ ಹೇಳಕ್ಕಾಗಲ್ಲ" ಅಂದರು. ಹಾಗಾಗಿ ನಾನು ಯೋಜನೆ ಬದಲಿಸಿದೆ. ತೂತಿಲ್ಲದ ಪಾತ್ರೆಯಲ್ಲಿ ನೀರೇ ಇರಲಿ, ನೀರಿನ ಗಿಡ ಬಿಡೋಣ. ತಾವರೆಗೆ ಗುಂಡಿ ಚಿಕ್ಕದಾಯಿತು. ಅಂತರಗಂಗೆಯ ಎರಡು ಸಸಿ ತಂದು ಬಿಟ್ಟೆ. ಹಸಿರು ಗುಲಾಬಿ ಹಾಗೆ ತೇಲಿತು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಹತ್ತು ದಿನ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಹನ್ನೊಂದನೆಯ ದಿನ ಲಾರ್ವಾ ಸಮೀಕ್ಷೆಗೆ ಆಶಾ ಕಾರ್ಯಕರ್ತೆ ಬಂದರು. ಮೊಬೈಲಿನ ಟಾರ್ಚ್ ಹಾಕಿ ಅಂತರಗಂಗೆಯನ್ನು ಒಂದು ಕಡ್ಡಿಯಿಂದ ಸರಿಸಿದರು. ನೀರಿನಲ್ಲಿ ಬೆಳಕು ಬಿದ್ದ ಕೂಡಲೇ ಕೂದಲೆಳೆಯಂಥ ನೂರಾರು ಹುಳುಗಳು ಸೊಂಟ ತಿರುಚಿಕೊಂಡು ಬುಳಬುಳನೆ ತಳಕ್ಕೆ ಇಳಿದವು, ಒಂದು ಗಳಿಗೆ ಬಿಟ್ಟು ಮತ್ತೆ ಮೇಲಕ್ಕೆ ಬಂದು ಬಾಲ ಮೇಲೆ ಮಾಡಿ ನೇತಾಡಿದವು. "ಸಾರ್, ಇದೇನು, ನೀವೇ ಸಾಕ್ಕೊಂಡಿದ್ದೀರಲ್ಲ" ಅಂದರು ಆಯಮ್ಮ, ಬೇಸರವೂ ಇಲ್ಲದ ದನಿಯಲ್ಲಿ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ಒಂದು ವಾರ, ಹತ್ತು ದಿನ ಸಾಕು. ಬಾಟಲಿಯ ಮುಚ್ಚಳದಷ್ಟು ನೀರೂ ಅದಕ್ಕೆ ಧಾರಾಳ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ನನಗೆ ಎಚ್ಚರಿಕೆಯಲ್ಲಿ ಮುಗಿಯಿತು. ನೀರು ಚೆಲ್ಲಿಬಿಟ್ಟರೆ ಸಾಕಲ್ಲ ಅಂದೆ. ಸಾಲದಂತೆ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ನೀರು ಬತ್ತಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಕಾದಿದ್ದು ಮುಂದಿನ ಮಳೆಗೆ ಒಡೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ಗುಂಡಿಯ ಒಳಗೋಡೆಯನ್ನು ನಾರಿನಿಂದ ಗಸಗಸ ಉಜ್ಜಿ ತೊಳೆಯಬೇಕು.

ಅಂದರೆ ಅಮ್ಮ ಮೂವತ್ತು ವರ್ಷ ಮಾಡಿ ಬಿಟ್ಟ ಕೆಲಸ ನನ್ನ ಪಾಲಿಗೆ ಬಂತು. ದೋಸೆ ಮಾತ್ರ ಬರಲಿಲ್ಲ.

ಈಗ ಅದರಲ್ಲಿ ನಾಲ್ಕು ಗಪ್ಪಿ ಮೀನಿವೆ. ಲಾರ್ವಾ ತಿನ್ನುವುದು ಅವುಗಳ ಕೆಲಸ. ಆ ನಾಲ್ಕು ಹನ್ನೆರಡಾದವು, ಹನ್ನೆರಡನ್ನು ತಿನ್ನಲು ಪಕ್ಕದ ಮನೆಯ ಬೆಕ್ಕು ಬರತೊಡಗಿತು. ಬೆಕ್ಕನ್ನು ತಡೆಯುವ ಉಪಾಯ ಈ ಕೈಪಿಡಿಯ ಮುಂದಿನ ಆವೃತ್ತಿಯಲ್ಲಿ.

ಗುಂಡಿನ ವಿಷಯ

ಒರಳಿನ ಜೊತೆ ಗುಂಡೂ ಇರಬೇಕಲ್ಲವೇ. ಇತ್ತು. ಕರಿಕಲ್ಲಿನದು, ಕೈ ಆಡಿ ಆಡಿ ತಲೆ ನುಣ್ಣಗಾಗಿತ್ತು. ಅದನ್ನೂ ಎತ್ತಿಕೊಂಡು ಹೊರಟಾಗ ಅಮ್ಮ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತರು.

"ಅದನ್ನೆಲ್ಲಿಗೋ ತಗೊಂಡ್ಹೋಗ್ತಿದ್ದೀಯ?"

"ಒರಳಿನ ಪಕ್ಕ ಇಡ್ತೀನಮ್ಮ. ಜೋಡಿ."

"ಮಳೇಲಿ, ಬಿಸಿಲಲ್ಲಿ? ನಿನಗಿಂತ ಮುಂಚೆ ತೊಟ್ಲಲ್ಲಿ ಮಲಗಿದ್ದು ಅವನು ಕಣೋ. ನಿನಗೆ ಅಣ್ಣ ಆಗ್ಬೇಕು."

ನಮ್ಮ ಕಡೆ ನಾಮಕರಣದ ದಿನ ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಗುಂಡುಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಗುಂಡಪ್ಪ ಅಂತ ಕರೆದು ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ಮಗು ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿರಲಿ ಅಂತ. ನನಗೆ, ತಂಗಿಗೆ, ನನ್ನ ಇಬ್ಬರು ಮಕ್ಕಳಿಗೆ, ಹೋದ ವರ್ಷ ಮೊಮ್ಮಗಳಿಗೆ, ಎಲ್ಲರಿಗೂ ಇದೇ ಗುಂಡು. ದೋಸೆಹಿಟ್ಟು ಗ್ರೈಂಡರಿಗೆ ಹೋಯಿತು; ಈ ಕೆಲಸ ಇನ್ನೂ ಯಾವ ಮಿಷನ್ನಿಗೂ ಹೋಗಿಲ್ಲ. "ಒರಳು ಬೇಕಾದ್ರೆ ಇಟ್ಕೋ. ಗುಂಡಪ್ಪ ಒಳಗೇ ಇರ್ಲಿ" ಅಂದರು ಅಮ್ಮ.

ಅಲ್ಲಿಗೆ ಆ ವಿಷಯ ಮುಗಿಯಿತು. ಗುಂಡು ಈಗ ದೇವರ ಕೋಣೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಹಿಡಿದು ಕೂತಿದೆ.

ಹಂಡೆ, ಟೈರು, ಕಮೋಡು

ತಾಮ್ರದ ಹಂಡೆ ಸಿಕ್ಕರೆ ನೀವು ಪುಣ್ಯವಂತರು. ಬಹುಪಾಲು ಮನೆಗಳಲ್ಲಿ ತಾಮ್ರ, ಹಿತ್ತಾಳೆಯೆಲ್ಲ ಎವರ್‌ಸಿಲ್ವರ್ ಪಾತ್ರೆಯವನ ಬುಟ್ಟಿಗೆ ಬಿದ್ದು ಎಷ್ಟೋ ಕಾಲವಾಯಿತು. ಎರಡು ಕೊಳದಪ್ಪಲೆ ಕೊಟ್ಟು ಒಂದು ಟಿಫನ್ ಕ್ಯಾರಿಯರ್ ತಗೊಂಡ ಸಂಭ್ರಮವನ್ನು ಅಮ್ಮ ಈಗ ನೆನೆಸಿಕೊಳ್ಳುವುದಿಲ್ಲ. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಹೊರಗಿಡಿ, ಆದರೆ ಅದರೊಳಗೆ ನೇರವಾಗಿ ಮಣ್ಣು ತುಂಬಬೇಡಿ. ತಾಮ್ರ ಬೇರಿಗೆ ಹಿಡಿಸುವುದಿಲ್ಲ. ಅಡಿಕೆ ತೋಟದವರಿಗೆ ಇದನ್ನು ಹೇಳಬೇಕಾಗಿಲ್ಲ, ಬೋರ್ಡೋ ದ್ರಾವಣದ ಮೈಲುತುತ್ತ ಶಿಲೀಂಧ್ರಕ್ಕೆ ಏನು ಮಾಡುತ್ತದೆ ಅಂತ ಅವರು ಪ್ರತಿ ಮಳೆಗಾಲ ನೋಡುತ್ತಾರೆ. ನರ್ಸರಿಗಳಲ್ಲಿ ಬೇರು ಕುಂಡದ ಗೋಡೆಗೆ ಸುತ್ತಿಕೊಳ್ಳಬಾರದೆಂದು ಒಳಗೆ ತಾಮ್ರದ ಲೇಪ ಹಚ್ಚುವ ಪದ್ಧತಿಯೇ ಇದೆ. ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಆ ಕುಂಡವನ್ನು ಹಂಡೆಯೊಳಗೆ ಕೂರಿಸಿ. ರಾತ್ರಿ ಹಂಡೆಯನ್ನು ಒಳಗಿಡಿ, ಬೆಳಿಗ್ಗೆ ಹೊರಗಿಡಿ. ಕಳ್ಳನಿಗೂ ತಾಮ್ರದ ರೇಟು ಗೊತ್ತು.

ಟೈರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಂಸದ ಆಕಾರಕ್ಕೆ ಕತ್ತರಿಸಿ ಬಿಳಿ ಬಣ್ಣ ಬಳಿದ ಟೈರು ಯಾವ ಕೋನದಿಂದ ನೋಡಿದರೂ ಬಿಳಿ ಬಣ್ಣದ ಟೈರಿನ ಹಾಗೇ ಕಾಣುತ್ತದೆ. ನಿಲ್ಲಿಸಿ, ಮಲಗಿಸಿ, ನೇತುಹಾಕಿ, ಹೇಗಿಟ್ಟರೂ ಒಳಮಡಿಕೆಯಲ್ಲಿ ನೀರು ನಿಲ್ಲುತ್ತದೆ. ಇಡಲೇಬೇಕೆಂದರೆ ಕೆಳಭಾಗಕ್ಕೆ ಗೇಣಿಗೊಂದು ತೂತು ಹಾಕಿ.

ಕಮೋಡು ನನ್ನ ಭಾವಮೈದನ ಕೊಡುಗೆ. ಅವನ ಮನೆಯ ಬಚ್ಚಲು ರಿಪೇರಿಯಾದಾಗ ಎರಡು ಉಳಿದವು. "ಒರಳಿಗೆ ತೂತಿಲ್ಲ ಅಂತ ಒದ್ದಾಡಿದ್ರಲ್ಲ ಭಾವ, ಇದಕ್ಕೆ ನಾಲ್ಕಿಂಚು ತೂತು ಕಂಪನಿಯೋರೇ ಇಟ್ಟಿದ್ದಾರೆ" ಅಂತ ಇಳಿಸಿ ಹೋದ. ತರ್ಕ ಸರಿಯಾಗೇ ಇತ್ತು. ಆದರೆ ಕಮೋಡಿನ ಹುಟ್ಟುಗುಣವೇ ನೀರು ಹಿಡಿದಿಟ್ಟುಕೊಳ್ಳುವುದು. ವಾಸನೆ ಮೇಲೆ ಬರಬಾರದೆಂದು ಅದರ ಬಾಗಿದ ಕೊರಳಿನಲ್ಲಿ ಎರಡಿಂಚು ನೀರು ಸದಾ ನಿಂತಿರುತ್ತದೆ. ಅಷ್ಟು ದೊಡ್ಡ ತೂತಿದ್ದೂ ನೀರು ಬಸಿಯದ ಪಾತ್ರೆ ಜಗತ್ತಿನಲ್ಲಿ ಇದು ಒಂದೇ ಇರಬೇಕು. ಕೊರಳಿಗೆ ಇನ್ನೊಂದು ತೂತು ಕೊರೆಯಬೇಕಾಯಿತು. ಪಿಂಗಾಣಿಗೆ ಡ್ರಿಲ್ಲಿನ ಸುತ್ತಿಗೆ ಗುಂಡಿ ಒತ್ತಿದರೆ ಒಡೆಯುತ್ತದೆ. ವಜ್ರದ ಬಿಟ್ ಹಾಕಿ, ಮೇಲಿನಿಂದ ನೀರು ತೊಟ್ಟಿಕ್ಕಿಸುತ್ತಾ, ನಿಧಾನವಾಗಿ ತಿರುಗಿಸಬೇಕು. ಮೊದಲನೆಯದು ಒಡೆದ ಮೇಲೆ ಈ ಮಾತು ನನಗೆ ತಿಳಿಯಿತು. ಎರಡು ಸಿಕ್ಕಿದ್ದವಲ್ಲ, ಒಳ್ಳೆಯದೇ ಆಯಿತು.

ಅದರಲ್ಲಿ ಪುದೀನ ಸೊಗಸಾಗಿ ಬಂತು. ಮನೆಯಲ್ಲಿ ಯಾರೂ ಚಟ್ನಿ ತಿನ್ನಲಿಲ್ಲ. ಹೊಸದಾಗಿ ಬಂದ ಬಾಡಿಗೆಯವರ ಮಗು ಒಂದು ದಿನ ಅದನ್ನು ಅದರ ಮೂಲ ಉದ್ದೇಶಕ್ಕೆ ಬಳಸಿಕೊಂಡಿತು. ಈಗ ಅಲ್ಲಿ ಕಣಗಿಲೆ ಇದೆ.

ಎಚ್ಚರಿಕೆ: ಈ ಭಾಗದಲ್ಲಿ ತಮಾಷೆ ಇಲ್ಲ

ಹಳೇ ಶೆಡ್ಡಿನ ಆಸ್ಬೆಸ್ಟಾಸ್ ಶೀಟು ಸಿಕ್ಕಿತೆಂದು ಕತ್ತರಿಸಿ ಪಾತಿ ಕಟ್ಟಬೇಡಿ. ಕತ್ತರಿಸುವಾಗ, ಒಡೆಯುವಾಗ ಏಳುವ ಸೂಕ್ಷ್ಮ ಎಳೆಗಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಬಿಟ್ಟು ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳಬಹುದು. ಹಳೇ ಕಿಟಕಿ ಬಾಗಿಲುಗಳ ಚಕ್ಕೆ ಏಳುತ್ತಿರುವ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಾಗಿಲಿಗೆ ಯಾರು ಏನು ಬಳಿದಿದ್ದರೋ. ಅಂಥ ಮರಕ್ಕೆ ಮಲ್ಲಿಗೆ ಬಳ್ಳಿ ಹಬ್ಬಿಸಿ, ಬಸಳೆ ಬೇಡ. ಅದರ ಬುಡದಲ್ಲಿ ಸೊಪ್ಪು ತರಕಾರಿ ಹಾಕಬೇಡಿ. ಕೀಟನಾಶಕ, ರಾಸಾಯನಿಕ ತುಂಬಿದ್ದ ಡ್ರಮ್ಮುಗಳಿಗೂ ಇದೇ ಮಾತು, ಎಷ್ಟು ತೊಳೆದರೂ.

ಗುರುಸ್ಮರಣೆ

ಮನೆಯವರು ಇದೇನು ಹುಚ್ಚು ಅಂದಾಗ ಹೇಳಲು ಎರಡು ಹೆಸರು ನೆನಪಿನಲ್ಲಿರಲಿ.

ಒಂದು, ಚಂಡೀಗಢದ ನೇಕ್ ಚಂದ್. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಲ ಕಾರ್ಬೂಸಿಯೇ ವಿನ್ಯಾಸ ಮಾಡಿದ ಹೊಸ ನಗರಕ್ಕಾಗಿ ಹಳ್ಳಿಗಳನ್ನು ಕೆಡವುತ್ತಿದ್ದರಲ್ಲ, ಅಲ್ಲಿ ಬಿದ್ದ ಮಡಕೆ ಚೂರು, ಒಡೆದ ಬಳೆ, ಪಿಂಗಾಣಿ, ಎಲ್ಲವನ್ನೂ ಕಚೇರಿ ಮುಗಿದ ಮೇಲೆ ಸೈಕಲ್ಲಿನಲ್ಲಿ ಹೊತ್ತು ಸುಖ್ನಾ ಕೆರೆಯ ಹತ್ತಿರದ ಕಾಡಿಗೆ ಒಯ್ದು ಗೊಂಬೆ ಮಾಡುತ್ತಿದ್ದರು. ಅದು ಕಟ್ಟಡ ನಿಷಿದ್ಧವಾದ ಸರ್ಕಾರಿ ಜಾಗ. 1957ರಲ್ಲಿ ಶುರು ಮಾಡಿದ್ದು ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಹದಿನೆಂಟು ವರ್ಷದ ಮೇಲೆ. ಕೆಡವುವ ಮಾತು ಬಂತು. ಜನ ಅವರ ಬೆನ್ನಿಗೆ ನಿಂತರು. 1976ರಲ್ಲಿ ಅದು ರಾಕ್ ಗಾರ್ಡನ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆಯಿತು, ಅವರನ್ನು ಅದಕ್ಕೇ ಎಂಜಿನಿಯರ್ ಮಾಡಿ ಐವತ್ತು ಜನ ಕೂಲಿಗಳನ್ನು ಕೊಟ್ಟರು, 1984ರಲ್ಲಿ ಪದ್ಮಶ್ರೀ ಬಂತು. ಇದರಲ್ಲಿ ನನಗೆ ಹೊಟ್ಟೆಕಿಚ್ಚು ತರಿಸುವುದು ಪದ್ಮಶ್ರೀಯಲ್ಲ, ಆ ಹದಿನೆಂಟು ವರ್ಷ. ನಾನು ಒಂದು ಮುರಿದ ಕೊಡೆ ತಂದರೂ ಗೇಟು ತೆಗೆಯುವ ಮುಂಚೆ ಎದುರು ಮನೆಯವರಿಗೆ ಗೊತ್ತಾಗಿರುತ್ತದೆ.

ಇನ್ನೊಬ್ಬರು ಮಣಿಪಾಲದ ವಿಜಯನಾಥ ಶೆಣೈ, ಬ್ಯಾಂಕ್ ಉದ್ಯೋಗಿ. ಕೆಡವಲಿದ್ದ ಹಳೇ ಮನೆಗಳ ಕಂಬ, ಬಾಗಿಲು, ತೊಲೆಗಳನ್ನು ಕೂಡಿಹಾಕುತ್ತಾ ಹೋಗಿ, ಕೊನೆಗೆ ಮನೆಗೆ ಮನೆಯನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಅವರ ಪಾರಂಪರಿಕ ಗ್ರಾಮವನ್ನು ನೋಡಿ ಬಂದ ಮೇಲೆ ನನ್ನ ಹೆಂಡತಿ, "ರೀ, ಅವರು ತಂದಿದ್ದನ್ನ ಕಟ್ಟಿದ್ರು" ಅಂದಳು. ನಮ್ಮ ಗ್ಯಾರೇಜಿನಲ್ಲಿ ಕಟ್ಟದೆ ಉಳಿದ ಮೂರು ಕಂಬಗಳಿವೆ.

ದೋಷ ಪತ್ತೆ ಮತ್ತು ಪರಿಹಾರ

ಗಿಡ ಬಾಡಿದೆ, ಮಣ್ಣು ಒದ್ದೆಯಾಗಿದೆ: ತೂತು ಕಟ್ಟಿಕೊಂಡಿದೆ. ಕಡ್ಡಿ ಹಾಕಿ ಬಿಡಿಸಿ.

ಗಿಡ ಬಾಡಿದೆ, ಮಣ್ಣು ಒಣಗಿದೆ: ತೂತು ದೊಡ್ಡದಾಯಿತು, ಇಲ್ಲವೇ ನೀವು ಊರಿಗೆ ಹೋಗಿದ್ದಿರಿ. ಡಬ್ಬಿ ತಗಡಿನದಾದರೆ ಏಪ್ರಿಲ್ ಬಿಸಿಲಿಗೆ ಬೇರು ಬೆಂದಿರಲೂಬಹುದು, ನೆರಳಿಗೆ ಸರಿಸಿ.

ಸೊಳ್ಳೆ ಬಂದಿದೆ: ತೂತೇ ಇಲ್ಲ. ಮೊದಲ ಪುಟಕ್ಕೆ ಹೋಗಿ.

ತೋಟ ಗುಜರಿ ಅಂಗಡಿಯ ಹಾಗೆ ಕಾಣುತ್ತಿದೆ: ಇದೇ ದೊಡ್ಡ ದೋಷ, ತೂತಿನಿಂದ ಸರಿಹೋಗುವುದಿಲ್ಲ. ಹತ್ತು ಸಾಮಾನಿನಲ್ಲಿ ಏಳನ್ನು ತೆಗೆಯಿರಿ. ಯಾವ ಏಳು ಅಂತ ಗೊತ್ತಾಗದಿದ್ದರೆ, ಯಾವುದನ್ನು ಯಾರು ಬಳಸುತ್ತಿದ್ದರು ಅಂತ ಹೇಳಬಲ್ಲಿರೋ ಅದನ್ನು ಇಟ್ಟುಕೊಂಡು ಮಿಕ್ಕದ್ದನ್ನು ತೆಗೆಯಿರಿ. ನಾನು ತೆಗೆದವುಗಳಲ್ಲಿ ಆ ಬಾವಿಯ ರಾಟೆಯೂ ಒಂದು. ಯಾರದೋ ಬಾವಿ, ಯಾರೋ ಸೇದಿದ ನೀರು, ನಮ್ಮ ಗೇಟಿನಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅದೇ ಗುಜರಿಯವನಿಗೆ ವಾಪಸು ಮಾರಲು ಹೋದೆ. ಅವನು ತಕ್ಕಡಿ ತೆಗೆದ.

"ಆಂಟಿಕ್ ಪೀಸಪ್ಪಾ ಇದು, ನೀನೇ ಹೇಳಿದ್ದೆ."

"ನಾನು ಮಾರೋವಾಗ ಆಂಟಿಕ್ಕು ಸಾರ್. ತಗೊಳ್ಳೋವಾಗ ಕಬ್ಣ."

ವಾರಂಟಿ

ಈ ತೋಟಕ್ಕೆ ಯಾವ ವಾರಂಟಿಯೂ ಇಲ್ಲ. ಸಾಮಾನುಗಳೆಲ್ಲ ತಮ್ಮ ವಾರಂಟಿ ಮುಗಿಸಿಕೊಂಡೇ ಬಂದಿವೆ. ಹೆಬ್ಬೆರಳು, ಸೊಂಟ ಮತ್ತು ಭಾವಮೈದಂದಿರ ಸಂಬಂಧಕ್ಕೆ ಆಗುವ ಹಾನಿಗೆ ಲೇಖಕ ಹೊಣೆಯಲ್ಲ.

ಕೊನೆಯದಾಗಿ ಒಂದು ಕೋರಿಕೆ. ಗುಂಡಿಲ್ಲದ ಒರಳು ನೋಡುವವರಿಗೆ ಬೋಳಾಗಿ ಕಾಣುತ್ತದೆ. ಹೋಗುವವರು ಬರುವವರು ಗುಂಡೆಲ್ಲಿ ಅಂತ ಕೇಳುತ್ತಾರೆ. ನಿಮ್ಮ ಸಜ್ಜೆಯಲ್ಲಿ ಒಂಟಿ ಗುಂಡೊಂದು ಕೂತಿದ್ದರೆ ತಿಳಿಸಿ, ನಾನೇ ಬಂದು ಎತ್ತಿಕೊಂಡು ಹೋಗುತ್ತೇನೆ. ಆದರೆ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ, ಅದು ನಿಮಗೆ ಅಣ್ಣ ಆಗಬೇಕೋ ಹೇಗೆ ಅಂತ.